ಟೆರಿಫೈಡ್ ಎಂಬ ಪದವನ್ನು ಬಿಟ್ಟುಕೊಡದವರು

ಅವರ ಬಲಗೈಯ ತೋರುಬೆರಳು ಅರ್ಧವೇ ಇತ್ತು. ಚಿಕ್ಕಂದಿನಲ್ಲಿ ಸೈಕಲ್ ಚೈನಿಗೆ ಸಿಕ್ಕಿ ಹೋದದ್ದಂತೆ. ಆ ಮೋಟು ಬೆರಳನ್ನು ಚಾಚಿದರೆ ಸಾಕು, ಯಾರು ಎದ್ದು ನಿಲ್ಲಬೇಕೆಂದು ಇಡೀ ತರಗತಿಗೆ ತಿಳಿಯುತ್ತಿತ್ತು. ಹೊಸನಗರದಲ್ಲಿ ನಾನು ಹೈಸ್ಕೂಲು ಓದುವಾಗ ನಮಗೆ ಇಂಗ್ಲಿಷ್ ಕಲಿಸಿದ ಟೀಚರ್ ಅವರು.

ಹೊಸ ಪದ ಬಂದರೆ ಅರ್ಥ ಬರೆಸಿ ಮುಗಿಸುತ್ತಿರಲಿಲ್ಲ. "ನಿಮ್ಮ ಮನೇದು, ನಿಮ್ಮ ಊರಿಂದು ಹೇಳಿ. ಗೈಡ್‌ನಲ್ಲಿರೋದು ನಂಗೆ ಬೇಡ" ಎನ್ನುತ್ತಿದ್ದರು. ವಾಕ್ಯ ತಪ್ಪಾದರೆ ಬೈಯುತ್ತಿರಲಿಲ್ಲ, ಸುಳ್ಳಾದರೆ ಬೈಯುತ್ತಿದ್ದರು.

ಒಂದು ದಿನ ಪಾಠದಲ್ಲಿ 'ಟೆರಿಫೈಡ್' ಬಂತು. "ಅಫ್ರೇಡ್ ಅಂದ್ರೆ ಹೆದರಿಕೆ. ಇದು ಹಂಗಲ್ಲ. ಹೆದರಿ ಕೈಕಾಲು ತಣ್ಣಗಾಗೋದು" ಎಂದರು. ಒಬ್ಬೊಬ್ಬರೇ ಎದ್ದು ಹಾವು, ಸಿಡಿಲು, ಕಾಡುಕೋಣ ಎಂದರು. ನನ್ನ ಸರದಿ ಬಂದಾಗ ಬಾಯಿಂದ ಹೊರಟೇಹೋಯಿತು: "ಐ ಆ್ಯಮ್ ಟೆರಿಫೈಡ್ ಆಫ್ ಅವರ್ ವಾರ್ಡನ್."

ತರಗತಿ ನಕ್ಕಿತು. ನನ್ನ ಜೊತೆ ಹಾಸ್ಟೆಲಿನಲ್ಲಿದ್ದವರು ಮಾತ್ರ ನಗಲಿಲ್ಲ. ಟೀಚರ್ ಅದನ್ನು ಗಮನಿಸಿದರು.

ಊಟದ ಬಿಡುವಿನಲ್ಲಿ ಕರೆದು, "ಎಂತ ಮಾಡ್ತಾರೆ ಅವರು? ಹೇಳು ಮಾರಾಯ್ತಿ, ನಾನಿದೀನಿ" ಎಂದರು. ಹೇಳಿದೆ. ಎದುರು ಮಾತಾಡಿದ ಹುಡುಗಿಯರನ್ನು ವಾರ್ಡನ್ ಸೌದೆ ಕೋಣೆಗೆ ನೂಕಿ ಹೊರಗಿನಿಂದ ಚಿಲಕ ಹಾಕುತ್ತಿದ್ದರು. ಉಬ್ಬಸವಿದ್ದ ನನ್ನ ಗೆಳತಿ ಹಿಂದಿನ ವಾರ ಅಲ್ಲೇ ಎಚ್ಚರ ತಪ್ಪಿ ಬಿದ್ದಿದ್ದಳು.

ಅಂದೇ ಸಂಜೆ ಟೀಚರ್ ಹಾಸ್ಟೆಲಿಗೆ ಬಂದು ಆ ಕೋಣೆ ತೆಗೆಸಿ ನೋಡಿದರು. ನನ್ನ ವಾಕ್ಯವನ್ನು ಹಾಗೇ ಸೇರಿಸಿ ಮೇಲಿನವರಿಗೆ ದೂರು ಬರೆದರು. ಅದನ್ನು ಕಳಿಸುವ ಮೊದಲೇ ಹೆಡ್‌ಮಾಸ್ಟರು ನಮ್ಮಿಬ್ಬರನ್ನೂ ಕರೆಸಿದರು. ವಾರ್ಡನ್ ಅಲ್ಲೇ ಕೂತಿದ್ದರು.

"ನೋಡಿ ಮೇಡಂ, ಹುಡುಗಿಗೆ ಇಂಗ್ಲಿಷ್ ಅಷ್ಟು ಬರಲ್ಲ. ಪದ ಸ್ವಲ್ಪ ಜಾಸ್ತಿ ಆಯ್ತು. ಅಫ್ರೇಡ್ ಅಂತ ತಿದ್ದಿ, ಇಲ್ಲೇ ಮುಗಿಸೋಣ. ವಾರ್ಡನ್ ಅಂದ್ಮೇಲೆ ಮಕ್ಕಳಿಗೆ ಒಂಚೂರು ಹೆದರಿಕೆ ಇರ್ಬೇಕಲ್ಲ" ಎಂದರು ಹೆಡ್‌ಮಾಸ್ಟರು.

"ಅವಳಿಗೆ ಪದ ಸರಿಯಾಗೇ ಗೊತ್ತಿದೆ ಸಾರ್. ನಾನೇ ಕಲಿಸಿದ್ದು."

"ಹಟ ಮಾಡಿದ್ರೆ ನಿಮಗೇ ತೊಂದ್ರೆ."

"ಆಗ್ಲಿ. ಆ ಪದ ನಾನು ತಿದ್ದಲ್ಲ." ನನ್ನ ಕಡೆ ತಿರುಗಿ, "ಇನ್ನೊಂದ್ಸಲ ಹೇಳು" ಎಂದರು.

ವಾರ್ಡನ್ ಮುಖ ನೋಡಿಕೊಂಡೇ ಹೇಳಿದೆ. ಟೆರಿಫೈಡ್ ಎಂಬುದನ್ನು ಒತ್ತಿಯೇ ಹೇಳಿದೆ.

ದೂರು ಹಾಗೇ ಹೋಯಿತು. ವಿಚಾರಣೆ ನಡೆದು ವಾರ್ಡನ್ ಕೆಲಸ ಬಿಟ್ಟು ಹೋಗಬೇಕಾಯಿತು. ಟೀಚರಿಗೂ ತುಮರಿಯ ಕಡೆಗೆ ವರ್ಗವಾಯಿತು. ಆಗಿನ್ನೂ ಸೇತುವೆ ಇಲ್ಲ. ಅಲ್ಲಿಗೆ ಹೋಗಲು ಅಣೆಕಟ್ಟಿನ ಹಿನ್ನೀರು ದಾಟಬೇಕು, ಅದಕ್ಕೆ ಲಾಂಚೇ ಗತಿ. ಅವರಿಗೋ ನೀರು ಕಂಡರಾಗದು. ಅಳುತ್ತ ನಿಂತಿದ್ದ ನಮಗೆ, "ಲಾಂಚ್ ನೆನೆಸ್ಕೊಂಡ್ರೆ ನಂಗೂ ಟೆರಿಫೈಡೇ. ಆದ್ರೂ ಹೋಗ್ತೀನಿ. ಅಲ್ಲೂ ಮಕ್ಕಳಿದಾವಲ್ಲ" ಎಂದರು. ನಿವೃತ್ತಿಯವರೆಗೂ ಅಲ್ಲೇ ಇದ್ದರು. ವಾಪಸು ವರ್ಗ ಮಾಡಿಕೊಡಿ ಎಂದು ಯಾರ ಬಾಗಿಲಿಗೂ ಹೋಗಲಿಲ್ಲ.

ಹೋದ ವರ್ಷ ಸಾಗರ ಪೇಟೆಯ ಮನೆಯಲ್ಲಿ ತೀರಿಕೊಂಡರು. ಅವರು ಕಲಿಸಿದ ಇಂಗ್ಲಿಷಿನಲ್ಲಿ ಬಹುಪಾಲು ನನಗೆ ಮರೆತಿದೆ. ಆದರೆ ನನಗಾದ ನೋವನ್ನು ಸ್ವಲ್ಪ ಕಡಿಮೆ ಮಾಡಿ ಹೇಳು ಎಂದು ಯಾರೇ ಅಂದರೂ ಇವತ್ತಿಗೂ ನಾನು ಒಪ್ಪುವುದಿಲ್ಲ.