ಕರುಗಿವಿ ನಿಂತ ಕಡೆ

ಗುದ್ದಲಿ ಅಜ್ಜಿಗೆ ಆ ಗಿಡದ ನಿಜವಾದ ಹೆಸರು ಗೊತ್ತಿಲ್ಲ. ಮೂವತ್ತು ವರ್ಷ ಊರಿನ ರಸ್ತೆಗಳನ್ನು ಅಗೆದು, ಪೈಪು ಹೂತು, ಸೊಂಟ ಸೋತು ಮನೆ ಸೇರಿದವಳು ಅವಳು. ಗೇಣುದ್ದದ ಗಿಡ, ಮೈತುಂಬ ರೋಮ, ಉಗುರಿನಷ್ಟು ಹಳದಿ ಹೂವು. ಎಲೆ ಸವರಿದರೆ ಎಳೆಗರುವಿನ ಕಿವಿ ಸವರಿದ ಹಾಗೆ. ಅದಕ್ಕೇ ಅವಳಿಟ್ಟ ಹೆಸರು ಕರುಗಿವಿ. ಅಗೆದು ಮುಚ್ಚಿದ ಮಣ್ಣಲ್ಲೇ ಅದು ಹುಟ್ಟುವುದು. ಗಟ್ಟಿ ನೆಲದ ಕಡೆ ತಲೆ ಹಾಕಿಯೂ ಮಲಗುವುದಿಲ್ಲ.

ಬೆಳಗಿನ ಮಂಪರಿನಲ್ಲಿ ಅವಳಿಗೆ ಒಂದೇ ಕನಸು: ಮುಖ್ಯರಸ್ತೆಯಿಂದ ಹಳದಿ ಗೆರೆಯೊಂದು ಮಗು ಅಂಬೆಗಾಲಿಡುವಂತೆ ಏರು ಹತ್ತಿ ತನ್ನ ಹೊಸ್ತಿಲಿಗೆ ಬರುತ್ತದೆ. ಕಣ್ಣು ಬಿಟ್ಟರೆ, ಏಳು ತಿಂಗಳ ಬಸುರಿ ಸೊಸೆ ಕೊಡ ಹೊತ್ತು, ಏದುಸಿರು ಬಿಡುತ್ತ ಅದೇ ಏರು ಹತ್ತುತ್ತಿರುತ್ತಾಳೆ.

ಪುರಸಭೆಯ ಕಡತದ ಪ್ರಕಾರ ಈ ಬೀದಿಗೆ ಹೋದ ವರ್ಷವೇ ನೀರಿನ ಪೈಪು ಬಂದಿದೆ. ಯಾರೂ ಅಗೆದೇ ಇಲ್ಲ ಎಂದು ಬೀದಿಗೆ ಬೀದಿಯೇ ಹೇಳಿತು. ಕಾಗದಕ್ಕೆ ಕಿವಿಯಿಲ್ಲ, ಬಡವರ ಬಾಯಿಗೆ ಮೊಹರಿಲ್ಲ.

ಹೊಸ ಇಂಜಿನಿಯರ್ ಗುತ್ತಿಗೆದಾರನ ಮೇಸ್ತ್ರಿಯ ಜೊತೆ ತಪಾಸಣೆಗೆ ಬಂದ ದಿನ ಅಜ್ಜಿ ಕೋಲೂರಿಕೊಂಡು ಎದುರು ನಿಂತಳು.

"ಸ್ವಾಮಿ, ಆ ಹಳದಿ ಹೂವಿನ ಸಾಲು ನೋಡಿ. ಅದರ ಕೆಳಗೇ ಪೈಪು. ದೊಡ್ಡ ಮನೆಗಳ ಮೂಲೇಲಿ ಸಾಲು ನಿಂತಿದೆ. ಪೈಪೂ ಅಲ್ಲೇ ನಿಂತಿದೆ."

ಮೇಸ್ತ್ರಿ ನಕ್ಕ. "ಅಜ್ಜಿಗೆ ಕಣ್ಣು ಮಂಜು ಸಾರ್. ಇಲ್ಲೂ ಹಳದಿ ಹೂವಿದೆಯಲ್ಲ, ಇವಳ ಬಾಗಿಲ ತನಕ."

ಇತ್ತು, ನಿಜ. ಇಂಜಿನಿಯರ್ ಅನುಮಾನದಿಂದ ಅಜ್ಜಿಯತ್ತ ನೋಡಿದ. ಆಗಷ್ಟೇ ಏರು ಹತ್ತಿ ಬಂದ ಸೊಸೆ ಕೊಡ ಇಳಿಸಿ ಅಲ್ಲೇ ಕುಸಿದು ಕುಳಿತಳು.

"ಕಣ್ಣು ಮಂಜಾದ್ರೆ ಬೆರಳಿದೆಯಲ್ಲಪ್ಪ," ಎಂದಳು ಅಜ್ಜಿ. "ಸ್ವಾಮಿ, ಎರಡನ್ನೂ ಮುಟ್ಟಿ ನೋಡಿ. ಇದು ನುಣುಪು, ನಮ್ಮ ಮೇಸ್ತ್ರಿ ಮಾತಿನ ಹಾಗೆ. ತುಳಿದು ತುಳಿದು ಕಲ್ಲಾದ ನೆಲದ್ದು. ಆ ಮೂಲೇದಕ್ಕೆ ರೋಮ ಇದೆ. ಅದು ಅಗೆದ ಮಣ್ಣಿಂದು."

ಇಂಜಿನಿಯರ್ ಕುಕ್ಕರುಗಾಲಲ್ಲಿ ಕೂತು ಈ ಎಲೆಯನ್ನು ಬೆರಳ ನಡುವೆ ಉಜ್ಜಿದ. ಮೂಲೆಗೆ ಹೋಗಿ ಆ ಎಲೆಯನ್ನೂ ಉಜ್ಜಿದ. ಕೊನೆಯ ಕರುಗಿವಿಯ ಪಕ್ಕ ನಿಂತು "ಇಲ್ಲಿ ಅಗೀರಿ" ಎಂದ. ಮೇಸ್ತ್ರಿಯ ನಗು ಬತ್ತಿತು.

ಮೊಳದಾಳದಲ್ಲಿ ಮುಚ್ಚಳ ಬಿಗಿದ ಪೈಪಿನ ಬಾಯಿ ಸಿಕ್ಕಿತು. ಅದರಾಚೆ ಗುದ್ದಲಿ ಟಣ್ಣೆಂದಿತು. ಯಾರ ಕೈಯೂ ಸೋಕದ ನೆಲ.

ಮೇಸ್ತ್ರಿಗೆ ಏನೂ ಆಗಲಿಲ್ಲ. ಅಂಥವರಿಗೆ ಆಗುವುದೂ ಇಲ್ಲ. ಆದರೆ ಸೊಸೆಯ ಹೆರಿಗೆಗೆ ಮೊದಲೇ ಬೀದಿ ಅಗೆದರು, ನಲ್ಲಿ ಬಂತು.

ಮರುವರ್ಷ ಮಳೆ ಬಿದ್ದ ಮೇಲೆ ಒಂದು ಬೆಳಿಗ್ಗೆ, ಅಂಬೆಗಾಲಿಡುವ ಮೊಮ್ಮಗಳು ಹೊಸ್ತಿಲಾಚೆ ಕೈ ಚಾಚಿ ಏನನ್ನೋ ಕಿತ್ತು ಬಾಯಿಗೆ ಒಯ್ದಳು. ಅಜ್ಜಿ ಆ ಪುಟ್ಟ ಮುಷ್ಟಿಯನ್ನು ಬಿಡಿಸಿದಳು. ಕಣ್ಣಿಗೆ ಬರೀ ಹಳದಿ ಮಂಜು. ಬೆರಳಿಂದ ಸವರಿದಳು.

ರೋಮವಿತ್ತು.