ಲುಬೋಮಿರ್ ಬಳಿದ ತುಕ್ಕಿನ ಬಣ್ಣ

ಲುಬೋಮಿರ್ ಕುಬೇನಾನ ಎದುರು ‘ಆಟಿಕೆ ರೈಲು’ ಅಂದುಬಿಟ್ಟರೆ ಮುಗಿಯಿತು, ಆ ದಿನವೆಲ್ಲ ಮುಖ ಊದಿಸಿಕೊಂಡಿರುತ್ತಾನೆ. ಮಾದರಿ ರೈಲು ಅನ್ನಬೇಕು. ಮೂವತ್ತೆಂಟು ವರ್ಷ ರೈಲ್ವೆಯ ಸಿಗ್ನಲ್ ವಿಭಾಗದಲ್ಲಿ ತಂತಿ ಎಳೆದವನು. ನಿವೃತ್ತನಾದ ಮೇಲೂ ವಿಶ್ಕೋವ್ ಊರಿನ ಹಳೆಯ ಶಾಲೆಯ ನೆಲಮಾಳಿಗೆಯಲ್ಲಿ, ಮಾದರಿ ರೈಲು ಸಂಘದ ಮೇಜುಗಳ ಕೆಳಗೆ ಅಂಗಾತ ಮಲಗಿ ಅದೇ ಕೆಲಸ ಮಾಡುತ್ತಾನೆ, ಅದೂ ಶಿಳ್ಳೆ ಹಾಕುತ್ತಾ. ಮನೆಯ ಕರೆಗಂಟೆ ಕೆಟ್ಟು ಆರು ತಿಂಗಳಾಯಿತು ಎಂದು ಹೆಂಡತಿ ಯಾರ್ಮಿಲಾ ಗೊಣಗಿದರೆ ಮಾತ್ರ ಅವನ ಕಿವಿ ಕೇಳುವುದಿಲ್ಲ.

ಅವನ ಗೆಳೆಯ ಅಲೋಯ್ಸ್ ನಿಜವಾದ ಉಗಿಬಂಡಿಗೆ ಕಲ್ಲಿದ್ದಲು ಎಸೆದು ಬದುಕಿದವನು. ಅದೇ ಬಂಡಿಯ ಎಂಜಿನ್ನನ್ನು ಹಿತ್ತಾಳೆಯಲ್ಲಿ, ಗೇಣುದ್ದಕ್ಕೆ, ಎರಡು ವರ್ಷ ಕೂತು ಮಾಡಿದ್ದ. ಡಿಸೆಂಬರಿನ ಮಿಕುಲಾಷ್ ಹಬ್ಬಕ್ಕೆ ಸಂಘ ನಡೆಸುವ ಪ್ರದರ್ಶನದಲ್ಲಿ ಮೊದಲ ಸಲ ಜನರೆದುರು ಓಡಿಸಬೇಕಿತ್ತು. ಅದಕ್ಕೆಂದೇ ಮೇಜಿನ ಮೇಲಿನ ಪುಟ್ಟ ಸೇತುವೆಯ ಆಚೆ ಹೊಸ ಹಳಿ ಹಾಕಿದ್ದರು. ಆದರೆ ಎಂಜಿನ್ ಸೇತುವೆ ದಾಟಿದ್ದೇ ತಡ, ಮುನಿಸಿಕೊಂಡ ಹಾಗೆ ನಿಂತುಬಿಡುತ್ತಿತ್ತು. ನಿಂತ ಎಂಜಿನ್ನನ್ನು ಬೆರಳಲ್ಲಿ ತಳ್ಳಿದವರು ಮುಂದಿನ ಮಂಗಳವಾರ ಎಲ್ಲರಿಗೂ ಕೊಲಾಚ್ ಎಂಬ ಸಿಹಿ ರೊಟ್ಟಿ ತರಬೇಕೆಂಬುದು ಸಂಘದ ಕಟ್ಟಳೆ. ಅಲೋಯ್ಸ್ ಮೂರು ಮಂಗಳವಾರ ತಂದ.

“ಚಕ್ರ ಗಲೀಜಾಗಿದೆ ಕಣೋ. ಹಳಿಯಿಂದ ಕರೆಂಟ್ ತಗೊಳ್ಳೋದು ಚಕ್ರಾನೇ ತಾನೆ? ಉಜ್ಜು,” ಎಂದ ಲುಬೋಮಿರ್, ಗಸಗಸೆ ತುಂಬಿದ ನಾಲ್ಕನೆಯ ಕೊಲಾಚ್‌ಗೆ ಕೈ ಹಾಕುತ್ತಾ.

“ದಿನಾ ಉಜ್ತಿದೀನಿ. ಇನ್ನು ಉಜ್ಜಿದ್ರೆ ಚಕ್ರಾನೇ ಇರಲ್ಲ.”

ಲುಬೋಮಿರ್ ಸೇತುವೆಯ ಆಚೆಯ ಹಳಿಗೆ ಮೀಟರ್ ಹಿಡಿದ. “ನೋಡು, ಹನ್ನೆರಡು ವೋಲ್ಟ್, ಒಂದು ಕೂದಲೂ ಕಮ್ಮಿ ಇಲ್ಲ. ನಿನ್ನ ಎಂಜಿನ್‌ದೇ ಏನೋ ರಗಳೆ.”

ನಾಲ್ಕನೆಯ ಮಂಗಳವಾರ ಅಲೋಯ್ಸ್ ಬರಲಿಲ್ಲ. ಎಂಜಿನ್ ಪ್ರದರ್ಶನಕ್ಕೆ ತರುವುದಿಲ್ಲ, ನಗೆಪಾಟಲಾಗುವುದು ಬೇಡ ಎಂದು ಫೋನಿನಲ್ಲಿ ಹೇಳಿದ. ಶನಿವಾರದ ಪ್ರದರ್ಶನಕ್ಕೆ ನಾಲ್ಕೇ ದಿನ ಉಳಿದಿತ್ತು.

ಲುಬೋಮಿರನಿಗೆ ಒಳಗೊಳಗೇ ಚುಚ್ಚಿತು. ಮರುದಿನ ಬೆಳಿಗ್ಗೆ ಒಬ್ಬನೇ ನೆಲಮಾಳಿಗೆಗೆ ಹೋಗಿ, ಈ ಸಲ ಮೀಟರ್ ಬಿಟ್ಟು ಕಾರಿನ ಸಣ್ಣ ಬಲ್ಬನ್ನು ಹಳಿಗೆ ಮುಟ್ಟಿಸಿದ. ಸೇತುವೆಯ ಈಚೆ, ಮಾದರಿ ನಿಲ್ದಾಣದಲ್ಲಿ ಬಲ್ಬು ಝಗ್ಗನೆ ಉರಿಯಿತು. ಸೇತುವೆಯ ಆಚೆ ಬೀಡಿಯ ತುದಿಯಷ್ಟೇ ಕೆಂಪಾಯಿತು. ಕರೆಂಟ್ ಎಳೆಯುವ ಹೊರೆ ಇಲ್ಲದಾಗ ಮೀಟರ್ ಪೂರ್ತಿ ವೋಲ್ಟನ್ನೇ ತೋರಿಸುತ್ತದೆ. ಬರೀ ಮೀಟರ್ ನಂಬಬೇಡ್ರೋ ಎಂದು ಸಿಗ್ನಲ್ ವಿಭಾಗದಲ್ಲಿ ಎಷ್ಟು ಜನಕ್ಕೆ ಅವನೇ ಬೈದಿದ್ದನೋ!

ಬಗ್ಗಿ ನೋಡಿದ. ನಿಜವಾದ ಹಳಿ ಬೆಳ್ಳಿಯ ಹಾಗೆ ಹೊಳೆಯುತ್ತದೆಯೇ ಎಂದು ಬೇಸಿಗೆಯಲ್ಲಿ ಅವನೇ ಈ ಹೊಸ ಹಳಿಯ ಪಕ್ಕೆಗಳಿಗೆ ತುಕ್ಕಿನ ಬಣ್ಣ ಬಳಿದು, ಸಿಕ್ಕಸಿಕ್ಕವರಿಗೆ ತೋರಿಸಿ ಮೆರೆದಿದ್ದ. ಆ ತೆಳು ಬಣ್ಣ ಹಳಿಗಳನ್ನು ಕೂಡಿಸುವ ಪುಟ್ಟ ಪಟ್ಟಿಗಳ ಒಳಕ್ಕೆಲ್ಲ ಇಳಿದು, ಕರೆಂಟಿನ ದಾರಿ ಮುಚ್ಚಿತ್ತು.

ಸದ್ದಿಲ್ಲದೆ ರಿಪೇರಿ ಮಾಡಿ, ‘ಚಕ್ರ ಈಗ ಶುದ್ಧವಾಯ್ತು ನೋಡು’ ಎನ್ನಬಹುದಿತ್ತು. ಐದು ನಿಮಿಷ ಆ ಯೋಚನೆ ಅವನಿಗೆ ಬಹಳ ಹಿಡಿಸಿತು ಕೂಡ. ಆಮೇಲೆ ಕೋಟು ಹಾಕಿಕೊಂಡು ಮೂರು ಬೀದಿ ದಾಟಿದ.

ಅಲೋಯ್ಸ್‌ನ ಅಡುಗೆಮನೆಯ ಮೇಜಿನ ಮೇಲೆ ಎಂಜಿನ್ ಮತ್ತೆ ಬಿಚ್ಚಿಕೊಂಡು ಬಿದ್ದಿತ್ತು.

“ಅದನ್ನ ಜೋಡ್ಸು. ತಪ್ಪು ಅದರದ್ದಲ್ಲ, ನನ್ನದು. ನನ್ನ ಹಾಳು ಬಣ್ಣ ಜಾಯಿಂಟ್ ಒಳಗೆಲ್ಲ ಇಳಿದಿದೆ.”

ಅಲೋಯ್ಸ್ ಸ್ಕ್ರೂಡ್ರೈವರ್ ಕೆಳಗಿಟ್ಟ. ಬೈಗುಳ ಬರುತ್ತದೆಂದು ಲುಬೋಮಿರ್ ಕಾದ.

“ಎಷ್ಟು ಜಾಯಿಂಟ್?”

“ಅರವತ್ತನಾಲ್ಕು. ಪ್ರತಿ ಹಳಿಗೂ ಕೆಳಗಿಂದ ಬೇರೆ ವೈರ್ ಕೊಡ್ಬೇಕು.”

“ಹಾಗಾದ್ರೆ ನಿಂತ್ಕೊಂಡು ಏನ್ ಮಾಡ್ತೀಯಾ? ನಡಿ.”

ಮೂರು ದಿನ ಒಬ್ಬ ಮೇಲೆ, ಒಬ್ಬ ಕೆಳಗೆ. ಬೆಸುಗೆಯ ಹೊಗೆಗೆ ಇಬ್ಬರೂ ಕೆಮ್ಮಿದರು, ಒಬ್ಬರ ಬೋಳುತಲೆಯನ್ನೊಬ್ಬರು ಆಡಿಕೊಂಡರು.

ಶನಿವಾರ ಎಂಜಿನ್ ಸೇತುವೆ ದಾಟಿತು, ದಿಬ್ಬ ಹತ್ತಿತು, ಗಡಿಯಾರದ ಮುಳ್ಳಿನ ಹಾಗೆ ನಿಧಾನವಾಗಿ, ಎಲ್ಲೂ ತಡವರಿಸದೆ. ಜನ ಚಪ್ಪಾಳೆ ತಟ್ಟಿದರು. ಲುಬೋಮಿರನಿಗೆ ಕೇಳದೆ ಇರಲಾಗಲಿಲ್ಲ.

“ಅಲ್ಲವೋ, ನಾಲ್ಕು ಸಲ ಅದನ್ನ ಬಿಚ್ಚಿದೆಯಲ್ಲ. ವೈರಿಂಗ್ ಮೇಲೆ ಒಂದು ಸಲಾನೂ ಅನುಮಾನ ಬರ್ಲಿಲ್ವಾ?”

ಅಲೋಯ್ಸ್ ಎಂಜಿನ್ ಮೇಲಿಂದ ಕಣ್ಣು ತೆಗೆಯಲಿಲ್ಲ. “ವೈರ್ ಎಳೆದೋನು ನೀನಲ್ವಾ,” ಎಂದ.

ಲುಬೋಮಿರನಿಗೆ ನಾಚಿಕೆಯೂ ಆಯಿತು, ಹೇಳಲಾರದಷ್ಟು ಸಂತೋಷವೂ ಆಯಿತು. ಸೊಂಟ ಹಿಡಿದುಕೊಂಡಿದ್ದರೂ ಸಂಜೆ ಬಾಗಿಲು ಹಾಕುವವರೆಗೆ ಅವನು ಗೆಳೆಯನ ಪಕ್ಕ ಬಿಟ್ಟು ಕದಲಲಿಲ್ಲ.