ತೊಟ್ಟಿಲ ಹಗ್ಗ ಕೊಕ್ಕೆಯಲ್ಲಿರುವಾಗ

ನಜರ್‌ಬಾದಿನ ಆ ಓಣಿಯಲ್ಲಿ ಇಂದ್ರಮ್ಮನ ಬಾಯಿಗೆ ಹೆದರದವರಿಲ್ಲ. ಹಾಲಿಗೆ ನೀರು ಬೆರೆಸಿದವನನ್ನೂ ಬಾಗಿಲಿಗೆ ಕಸ ಗುಡಿಸಿದವಳನ್ನೂ ಅವಳು ಬಿಟ್ಟದ್ದಿಲ್ಲ. ಆದರೆ ತೊಟ್ಟಿಲ ಹಗ್ಗ ಹೊಸೆಯುವ ದಿನ ಮಾತ್ರ ಬಾಯಿ ಬಿಡುತ್ತಿರಲಿಲ್ಲ. ನಾರು ರಾಟೆಯ ಕೊಕ್ಕೆಗೆ ಏರಿದ ಮೇಲೆ ಇಳಿಯುವ ತನಕ ಕೆಟ್ಟ ಮಾತು ಆಡಬಾರದು, ಆಡಿದ್ದು ಹುರಿಯೊಳಗೆ ಸೇರಿ ಮಗುವಿನ ಕಿವಿಗೆ ಹೋಗುತ್ತದೆ ಎಂದು ಅತ್ತೆ ಹೇಳಿಕೊಟ್ಟಿದ್ದಳು. ಮದುವೆಯಾಗಿ ಬಂದಾಗಿನಿಂದ ಇಂದ್ರಮ್ಮ ಅದನ್ನು ಮೀರಿರಲಿಲ್ಲ.

ಬಾವಿಗೂ ದನಕ್ಕೂ ಕತ್ತಾಳೆ ನಾರು. ತೊಟ್ಟಿಲಿಗೆ ಮೆತ್ತಗಿನ ಸೆಣಬು. ಗಂಡ ಲಿಂಗಯ್ಯ ಸೊಂಟಕ್ಕೆ ನಾರು ಸುತ್ತಿಕೊಂಡು ಹಿಂದಕ್ಕೆ ಹಿಂದಕ್ಕೆ ನಡೆಯುತ್ತ ಹುರಿ ಬಿಡುತ್ತಿದ್ದ, ಅವಳು ರಾಟೆ ತಿರುಗಿಸುತ್ತಿದ್ದಳು. ಅವನು ತೀರಿಕೊಂಡ ಮೇಲೆ ಹಿಂದಕ್ಕೆ ನಡೆಯುವುದು ಅವಳ ಪಾಲಿಗೆ, ರಾಟೆ ಸೊಸೆ ಸೌಮ್ಯಳ ಪಾಲಿಗೆ ಬಂತು. ಉದ್ದ ಹಗ್ಗಕ್ಕೆ ಉದ್ದ ಜಾಗ ಬೇಕು. ಓಣಿಯೇ ಅವರ ಕಾರ್ಖಾನೆ. ಹುರಿ ಎಳೆದಿದ್ದರೆ ಅಂಚೆಯವನೂ ಅದನ್ನು ದಾಟದೆ, ಕೆಳಗೆ ಬಗ್ಗಿ ಹೋಗುತ್ತಿದ್ದ.

ಆ ದಿನದ ಹಗ್ಗ ಕೃಷ್ಣಮೂರ್ತಿಪುರಂನ ಬಸಮ್ಮನ ಮರಿಮಗಳಿಗೆ. ಮಾರನೆಯ ಬೆಳಿಗ್ಗೆ ನಾಮಕರಣ. ಹಿಂದೊಮ್ಮೆ ಆ ಮನೆಯಲ್ಲಿ ಅಂಗಡಿಯ ನೈಲಾನ್ ಹಗ್ಗದ ಗಂಟು ಜಾರಿ ತೊಟ್ಟಿಲು ವಾಲಿತ್ತು; ತಾಯಿ ಪಕ್ಕದಲ್ಲೇ ಇದ್ದದ್ದು ದೇವರ ದಯೆ. "ಎಲ್ಲೂ ತುಂಡಿಗೆ ತುಂಡು ಕೂಡು ಹಾಕದ ಹಗ್ಗ ಕೊಡವ್ವ" ಎಂದು ಬಸಮ್ಮ ಬೇಡಿಕೊಂಡಿದ್ದಳು.

ಇಂದ್ರಮ್ಮ ಬೆಟ್ಟದ ಕಡೆ ಕೈಮುಗಿದು, ಓಣಿಯ ಬಾಯಲ್ಲಿದ್ದ ರಾಟೆಯಿಂದ ಕೊನೆಯ ಮನೆಯ ತನಕ ಓರೆಯಾಗಿ ಮೂರು ಹುರಿ ಎಳೆದು, ಕಲ್ಲು ಹೇರಿದ ಹಲಗೆಗೆ ಕಟ್ಟಿದ್ದಳು. ಆಗ ಬಂತು ಕಾರು. ಕೊನೆಯ ಮನೆಗೆ ಹೊಸದಾಗಿ ಬಾಡಿಗೆಗೆ ಬಂದ ವಿಜಯ್‌ಕುಮಾರನದು.

"ತೆಗೀರಿ ಇದನ್ನ. ಎರಡು ನಿಮಿಷ, ಗಾಡಿ ಒಳಗೆ ಹಾಕ್ಬೇಕು."

"ಸ್ವಲ್ಪ ಹೊತ್ತು ಆಚೆ ನಿಲ್ಸಿ ಸಾರ್, ಮಗು ತೊಟ್ಟಿಲದು ಕಣ್ರೀ" ಎಂದಳು ಸೌಮ್ಯ.

"ರೋಡೇನು ನಿಮ್ಮಪ್ಪಂದಾ? ಅಂಗಡೀಲಿ ಬಣ್ಣಬಣ್ಣದ ಹಗ್ಗ ನೇತಾಕವ್ರೆ. ತಗೊಂಡ್ಬಂದು ಕಟ್ಕೊಳ್ಳಿ!"

ಕಾರಿನಿಂದ ಚಾಕು ತಂದು ಮೂರು ಹುರಿಯನ್ನೂ ಕತ್ತರಿಸಿದ. ಹಲಗೆಯನ್ನು ಕಾಲಿನಿಂದ ಗೋಡೆಗೆ ತಳ್ಳಿ, ಅದೇ ಜಾಗದಲ್ಲಿ ಕಾರು ನಿಲ್ಲಿಸಿ ಒಳಗೆ ಹೋದ.

ಇಂದ್ರಮ್ಮನ ಮುಖ ಕೆಂಡವಾಯಿತು. ತುಂಡು ಹುರಿಗಳು ಇನ್ನೂ ಕೊಕ್ಕೆಯಲ್ಲಿ ನೇತಾಡುತ್ತಿದ್ದವು. ಅವಳು ಸೆರಗಿನ ತುದಿಯನ್ನು ಹಲ್ಲಿನಲ್ಲಿ ಕಚ್ಚಿ ಹಿಡಿದಳು.

"ಏನಾದ್ರೂ ಅನ್ನಿ ಅತ್ತೆ!" ಎಂದು ಸೌಮ್ಯ ಅತ್ತೇಬಿಟ್ಟಳು.

ತುಂಡು ಹುರಿಗಳನ್ನು ಕೊಕ್ಕೆಯಿಂದ ಇಳಿಸಿದ್ದರೆ ಆಗಲೇ ಬೈಯಬಹುದಿತ್ತು. ಆದರೆ ಬೈಯಲು ನಿಂತರೆ ಸಂಜೆಯಾಗುತ್ತಿತ್ತು. ಮನೆಯಲ್ಲಿ ಉಳಿದಿದ್ದದ್ದು ಒಂದು ಹಗ್ಗಕ್ಕಾಗುವಷ್ಟೇ ನಾರು. ಹಳೆಯದನ್ನು ಇಳಿಸುವ ಮೊದಲೇ ಹೊಸದನ್ನು ಏರಿಸಿದಳು. ಹಿಂದಕ್ಕೆ ನಡೆಯುತ್ತ ಹೋಗಿ, ಹಲಗೆ ಇರಬೇಕಾದಲ್ಲಿದ್ದ ಕಾರಿನ ಹಿಂಬದಿಯ ಕೊಕ್ಕೆಗೆ ಮೂರು ಹುರಿಯನ್ನೂ ಬಿಗಿದಳು.

ಆಫೀಸಿಗೆ ಹೊರಟ ವಿಜಯ್‌ಕುಮಾರ ಕೂಗಾಡಿಕೊಂಡು ಬಂದಾಗ, ಓಣಿಯ ಬಾಯಿಗೆ ಪಕ್ಕದ ಮನೆಯ ಚಾಮಯ್ಯನ ಆಟೋ ಅಡ್ಡ ನಿಂತಿತ್ತು. ಹೆಂಗಸರೆಲ್ಲ ಬಾಗಿಲಿಗೆ ಬಂದಿದ್ದರು.

"ಎರಡೇ ನಿಮಿಷ ಸಾರ್" ಎಂದ ಚಾಮಯ್ಯ. "ಒಳಗೆ ಕುಂತ್ಕೊಂಡು ರಿವರ್ಸ್ ಹಾಕಿ ಮೆತ್ತಗೆ ಬ್ರೇಕ್ ಬುಡ್ತಾ ಇರಿ. ಹುರಿ ಬಿಗಿದಂಗೆಲ್ಲ ಗಾಡಿ ಹಿಂದಕ್ಕೆ ಬರ್ಬೇಕು. ಬರ್ದೆ ಅದು ಕಿತ್ತೋದ್ರೆ ನನ್ನ ಆಟೋ ಸ್ಟಾರ್ಟೇ ಆಗಾಕಿಲ್ಲ."

ವಿಜಯ್‌ಕುಮಾರ ಸುತ್ತಲೂ ನೋಡಿ ಕೂತ. ಸೌಮ್ಯ ರಾಟೆ ತಿರುಗಿಸಿದಳು. ಕಾರು ಇರುವೆಯಂತೆ ಹಿಂದಕ್ಕೆ ಹಿಂದಕ್ಕೆ ಸರಿಯಿತು. ಹುರಿಗಳ ನಡುವೆ ಮರದ ತುಂಡು ಹಿಡಿದು ಇಂದ್ರಮ್ಮ ನಡೆದಳು. ಅವಳ ಹಿಂದೆ ಮೂರೂ ಒಂದಾಗುತ್ತ ಬಂದವು. ಅವನು ಒಮ್ಮೆ ಹಾರನ್ ಹೊಡೆದ. ಯಾರೂ ತಿರುಗಲಿಲ್ಲ.

ಹಗ್ಗ ಮುಗಿಯಿತು. ಇಂದ್ರಮ್ಮ ಕೊಕ್ಕೆಯಿಂದ ಇಳಿಸಿ, ತುದಿಯಿಂದ ತುದಿಗೆ ಅಂಗೈಯಲ್ಲಿ ಸವರಿದಳು. ಎಲ್ಲೂ ಕೂಡು ಇರಲಿಲ್ಲ. ಕಣ್ಣಿಗೊತ್ತಿಕೊಂಡು ಸೊಸೆಯ ಕೈಗಿಟ್ಟಳು.

"ಒಳಗಿಟ್ಟು ಬಾಗ್ಲು ಹಾಕ್ಬುಡವ್ವ. ಇದಕ್ಕೆ ಕೇಳಿಸ್ಬಾರ್ದು."

ಬಾಗಿಲು ಮುಚ್ಚಿದ ಸದ್ದಾಯಿತು. ಚಾಮಯ್ಯ ಆಟೋದ ಕೀಲಿಯನ್ನು ಜೇಬಿಗೆ ಹಾಕಿಕೊಂಡ. ಇಂದ್ರಮ್ಮ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ಕಾರಿನ ಕಿಟಕಿಗೆ ಬಂದು ನಿಂತಳು.

"ಏನಂದ್ರಿ ಬೆಳಿಗ್ಗೆ? ರೋಡು ಯಾರಪ್ಪಂದು ಅಂತ ಕೇಳಿದ್ರಲ್ವಾ?" ಎಂದು ಶುರು ಮಾಡಿದಳು.